ದಣಿಯ ಹುಟ್ಟುಹಬ್ಬಕ್ಕೆ ಬಿದ್ದ ಗಣಿತ ಪರೀಕ್ಷೆ

"ಹಲ್ಲು ಬಿಡೇ, ಮೂದೇವಿ! ದಣಿ ಹುಟ್ಟಿದ್ದಕ್ಕೆ ನಿಂಗೇನು ಹೊಟ್ಟೆನೋವಾ?"

ವಾರ್ಡನ್ ಗದರಿದಾಗ ಉದ್ದಕ್ಕ ಹಲ್ಲು ಬಿಟ್ಟಳು. ಅನಾಥಾಲಯದ ಹುಡುಗಿಯರಲ್ಲೆಲ್ಲ ಅವಳೇ ಎತ್ತರ, ಅದಕ್ಕೇ ಆ ಹೆಸರು. ಹೂಗುಚ್ಛ ಕೊಡುವುದೂ ಹಾಡು ಎತ್ತುವುದೂ ಅವಳ ತಲೆಗೇ. ಅದಕ್ಕೆಂದು ದಣಿ ಕಳಿಸಿದ ಜರಿಯಂಚಿನ ಲಂಗ ಬೇರೆ ಉಡಿಸಿದ್ದರು.

ಕಟ್ಟಡ ಕಟ್ಟಿಸಿದ ದಣಿಯ ಮನೆಯಲ್ಲಿ ಯಾರ ಹುಟ್ಟುಹಬ್ಬವಾದರೂ ಇಲ್ಲಿನ ಮಕ್ಕಳಿಗೆ ಶಾಲೆಯಿಲ್ಲ. ಕಳೆದ ವರ್ಷ ನಾಯಿಯ ಹುಟ್ಟುಹಬ್ಬಕ್ಕೂ ಹಾಡಿದ್ದರು. ಇದ್ದವರಲ್ಲಿ ಮಕ್ಕಳ ಕೈ ನೆಕ್ಕಿದ್ದು ಅದೊಂದೇ.

"ಅಮ್ಮಾ, ಇವತ್ತು ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆ. ಬೇರೆ ಯಾರಾದ್ರೂ ಹೂ ಕೊಡ್ಲಿ," ಎಂದಳು ಉದ್ದಕ್ಕ.

"ಕುಳ್ಳಿಯರು ಕೊಟ್ರೆ ದಣಿ ಬಗ್ಗಬೇಕಾಗುತ್ತೆ."

"ಅವ್ರು ಬಗ್ಗಿದ್ರೂ ಹೊಟ್ಟೆ ಬಗ್ಗಲ್ಲ ಬಿಡಕ್ಕ," ಎಂದು ಹಿಂದೆ ನಿಂತಿದ್ದ ಪುಟ್ಟ ಹುಡುಗಿ ಗುಂಡಿ ಪಿಸುಗುಟ್ಟಿದಳು. ಸಾಲು ಕಿಸಕ್ಕೆಂದಿತು.

"ಯಾವಳೇ ಅದು? ನಾಲಿಗೆ ಕಿತ್ತುಬಿಡ್ತೀನಿ! ನೋಡೇ, ಫೇಲಾದ್ರೆ ಪ್ರಪಂಚ ಮುಳುಗಲ್ಲ. ದಣಿ ಹೊಲಿಗೆ ಕಾರ್ಖಾನೆ ಇದ್ದೇ ಇದೆ. ಹೋದ ವರ್ಷದವಳು ಹೋಗಲಿಲ್ವಾ?"

ಹೋದ ವರ್ಷದವಳೂ ಹೀಗೇ ಹೂ ಕೊಟ್ಟು ಪರೀಕ್ಷೆ ಕಳೆದುಕೊಂಡವಳು. ಈಗ ಕಾರ್ಖಾನೆಯಲ್ಲಿ ನಿಂತೇ ಉಣ್ಣುತ್ತಾಳೆ, ಉಚ್ಚೆಗೆ ಹೋಗಲೂ ಮೇಸ್ತ್ರಿಯನ್ನು ಕೇಳುತ್ತಾಳೆ.

ದಣಿ ಬಂದ. ಕ್ಯಾಮೆರಾ ಬಂತು. ಎರಡಾಳು ಹೊತ್ತ ಕೇಕೂ ಬಂತು. ಉದ್ದಕ್ಕ ಹೂ ಕೊಟ್ಟಳು.

"ಭೇಷ್! ಹೇಳು ಮಗಳೇ, ನಿಂಗೇನು ಬೇಕು?"

'ನಿಮ್ಮ ಆಶೀರ್ವಾದ' ಎನ್ನಬೇಕೆಂದು ವಾರ್ಡನ್ ವಾರದಿಂದ ಬಾಯಿಪಾಠ ಮಾಡಿಸಿದ್ದಳು.

"ಕಾರು ಬೇಕು, ಅಪ್ಪಾಜಿ."

ದಣಿ ಹೊಟ್ಟೆ ಕುಣಿಸಿ ನಕ್ಕ. "ಎಲಾ ಇವಳ! ಸಣ್ಣದಾ, ದೊಡ್ಡದಾ?"

"ನಿಮ್ಮದೇ ಸಾಕು. ಪರೀಕ್ಷೆ ಶುರುವಾಗುತ್ತೆ, ಶಾಲೆ ಹತ್ರ ಬಿಟ್ಟುಬರ್ಲಿ."

ನಗು ನಿಂತಿತು. ದಣಿ ವಾರ್ಡನ್ ಕಡೆ ನೋಡಿದ, ವಾರ್ಡನ್ ಕೇಕನ್ನು ನೋಡಿದಳು.

"ಮೊದಲು ಹಾಡು ಮುಗೀಲಿ, ಆಮೇಲೆ ನೋಡೋಣ," ಎಂದ ದಣಿ ಕ್ಯಾಮೆರಾದ ಕಡೆ ತಿರುಗಿ.

ಉದ್ದಕ್ಕ ಹಾಡು ಎತ್ತಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಪೆನ್ನನ್ನೂ ಹಾಲ್‌ಟಿಕೆಟ್ಟನ್ನೂ ಮುಟ್ಟಿ ನೋಡಿಕೊಂಡು ಮೆಟ್ಟಿಲಿಳಿದಳು.

"ಗೇಟು ಹಾಕೋ! ಬಿಡಬೇಡ ಆ ಮುಂಡೇದನ್ನ!" ವಾರ್ಡನ್ ಕೂಗಿದಳು.

ಕಾವಲಿನ ಅಜ್ಜ ಆಗಲೇ ಬೀಗ ಜಡಿದಿದ್ದ.

"ತೆಗಿ ಅಜ್ಜಾ."

"ತೆಗೆದ್ರೆ ನನ್ನ ಅನ್ನ ಹೋಗುತ್ತವ್ವಾ." ಅಜ್ಜ ದನಿ ತಗ್ಗಿಸಿದ. "ನಂಗೆ ಬೀಗ ಹಾಕು ಅಂದವ್ರೆ. ಹತ್ತೋರನ್ನ ಕೆಳಗಿಳಿಸು ಅಂತ ಯಾರೂ ಅಂದಿಲ್ಲ." ಹಾಗೆಂದು ಬೆನ್ನು ತಿರುಗಿಸಿ, ಬೀಡಿಗೆ ಕಡ್ಡಿ ಹುಡುಕತೊಡಗಿದ.

ಉದ್ದಕ್ಕ ಲಂಗ ಎತ್ತಿ ಕಟ್ಟಿ ಗೇಟು ಹತ್ತಿದಳು. ಹಿಂದೆ ಗುಂಡಿ ಹಾಡೆತ್ತಿದ್ದಳು. ಬೇಕೆಂದೇ ಅಪಸ್ವರದಲ್ಲಿ, ವಾರ್ಡನ್ ಕೂಗು ಯಾರಿಗೂ ಕೇಳದಷ್ಟು ಜೋರಾಗಿ. ತುದಿಯ ಕಬ್ಬಿಣದ ಮುಳ್ಳಿಗೆ ಸಿಕ್ಕಿ ಲಂಗ ಪರ್ರನೆ ಹರಿಯಿತು.

ಹರಿಯಲಿ, ಅದು ದಣಿಯದು.

ಅವಳು ಆಚೆಗೆ ಧುಮುಕಿದಳು.