ನಾಲ್ಕನೇ ನಂಬರಿನ ಲಿಫ್ಟರ್

ಬಾಳಪ್ಪನಿಗೆ ಮಗಳ ಮದುವೆಗಿಂತ ವಾಲಿಬಾಲ್ ದೊಡ್ಡದಾಗಿತ್ತು ಎಂದು ಡೊಂಬಿವಲಿಯಲ್ಲಿ ಈಗಲೂ ಆಡಿಕೊಳ್ಳುವವರಿದ್ದಾರೆ. ಅವರ ಬಾಯಿಗೆ ನಾನು ಬೀಗ ಹಾಕಲಾರೆ. ಆದರೆ ಅವರಲ್ಲಿ ಯಾರೂ ನಮ್ಮ ಜೊತೆ ಲೋಕಲ್ ರೈಲಿನಲ್ಲಿ ಕೂತವರಲ್ಲ, ನಮ್ಮ ಕಂಪನಿಯ ಲಿಫ್ಟರುಗಳ ಆಟ ಕಂಡವರೂ ಅಲ್ಲ. ನಾನು ಎರಡನ್ನೂ ಮಾಡಿದವನಾದ್ದರಿಂದ ಹೇಳುತ್ತೇನೆ.

ನಮ್ಮದು ಠಾಣೆ–ಬೇಲಾಪುರ ರಸ್ತೆಯ ಬಣ್ಣದ ಕಾರ್ಖಾನೆ. ಅಲ್ಲಿ ಆಗ ಆಡಲಿಕ್ಕೆಂದೇ ಹುಡುಗರನ್ನು ನೌಕರಿಗೆ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಹಾಜರಿ ಹಾಕುವುದು, ಊಟವಾದ ಮೇಲೆ ಮೈದಾನಕ್ಕೆ ಹೋಗುವುದು, ತಿಂಗಳ ಕೊನೆಗೆ ನಮ್ಮ ಸಾಲಿನಲ್ಲೇ ನಿಂತು ಸಂಬಳ ತೆಗೆದುಕೊಳ್ಳುವುದು. ನಾನು ಸಿದ್ದಲಿಂಗಪ್ಪ, ಸ್ಟೋರಿನ ಗುಮಾಸ್ತ, ಜೊತೆಗೆ ತಂಡದ ಮ್ಯಾನೇಜರ್. ಮ್ಯಾನೇಜರ್ ಅಂದರೆ ಚೆಂಡಿಗೆ ಗಾಳಿ ತುಂಬುವವನು, ಬಾಳೆಹಣ್ಣು ತರುವವನು, ಸೋತಾಗ ಬೈಸಿಕೊಳ್ಳುವವನು. ಬಾಳಪ್ಪ ನಮ್ಮ ಸ್ಮ್ಯಾಷರ್. ಬಾಗಲಕೋಟೆ ಕಡೆಯ ಆರಡಿ ಆಳು. ಅವನು ಹಾರಿ ಹೊಡೆಯುವಾಗ ಎದುರಿನವರು ಮುಖ ತಿರುಗಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಹೊಡೆಯುವವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅವನಿಗೆ ಚೆಂಡು ಎತ್ತಿಕೊಡುವವನೇ ಲಿಫ್ಟರ್. ಎದುರಿನಿಂದ ಬಂದ ಚೆಂಡನ್ನು ಒಬ್ಬ ತಡೆಯುತ್ತಾನೆ, ಲಿಫ್ಟರ್ ಅದನ್ನು ಬೆರಳ ತುದಿಯಲ್ಲಿ ನೆಟ್ಟಿನ ಮೇಲಕ್ಕೆ ಎತ್ತುತ್ತಾನೆ, ಸ್ಮ್ಯಾಷರ್ ಬಾರಿಸುತ್ತಾನೆ. ಚಪ್ಪಾಳೆ ಬಾರಿಸಿದವನಿಗೆ. ಯಾರಿಗೆ ಎತ್ತಬೇಕು, ಎಷ್ಟು ಎತ್ತರ, ನೆಟ್ಟಿನಿಂದ ಎಷ್ಟು ದೂರ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡುವವನು ಲಿಫ್ಟರ್. ಇಡೀ ತಂಡ ಅವನ ಬೆರಳ ಮೇಲೆ ನಿಂತಿರುತ್ತದೆ. ನನಗಂತೂ ಮೊದಲಿನಿಂದಲೂ ಅವರ ಮೇಲೇ ಪ್ರೀತಿ.

ಹಾಗಾಗಿ ನಾವು ಲಿಫ್ಟರುಗಳಿಗೆ ನಂಬರ್ ಕೊಡುತ್ತಿದ್ದೆವು. ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಯ ತನಕ ಇದೇ ಕೆಲಸ, ಅದೂ ಸ್ಲೋ ಗಾಡಿಯಲ್ಲೇ. ಫಾಸ್ಟ್ ಗಾಡಿ ಸುರಂಗದೊಳಗೆ ನುಗ್ಗುತ್ತದೆ, ಸುರಂಗದಲ್ಲಿ ವಾದ ಕೇಳಿಸುವುದಿಲ್ಲ. ಸ್ಲೋ ಆದರೆ ದಿವಾ, ಮುಂಬ್ರಾ, ಕಳವಾ ಎಂದು ನಿಂತು ನಿಂತು ಜಗಳಾಡಬಹುದು.

ಒಂದನೇ ನಂಬರ್ ಅಂಗಾರ. ಅದರಲ್ಲಿ ಯಾರ ತಕರಾರೂ ಇರಲಿಲ್ಲ. ಅರವತ್ತೇಳರಲ್ಲಿ ತಂಡ ಕಟ್ಟಿದಾಗ ಕಲ್ಯಾಣದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದವನನ್ನು ಕರೆತಂದಿದ್ದರು. ಚೆಂಡು ಅವನ ಬೆರಳಿಗೆ ಬಂದದ್ದೂ ಸದ್ದಿಲ್ಲ, ಬಿಟ್ಟುಹೋದದ್ದೂ ಸದ್ದಿಲ್ಲ. ಎಷ್ಟು ಎತ್ತರ ಕೊಡುತ್ತಿದ್ದನೆಂದರೆ ಬಾಳಪ್ಪನಿಗೆ ಮೇಲೆ ಹೋಗಿ ಯೋಚನೆ ಮಾಡಿ ಹೊಡೆಯಲು ಪುರುಸೊತ್ತಿರುತ್ತಿತ್ತು. ಎರಡನೆಯವನು ಹಣಮಂತ್ರಾಯ, ಶುದ್ಧ ಕಳ್ಳ. ಮುಂದೆ ನೋಡಿಕೊಂಡೇ ಹಿಂದಕ್ಕೆ ಎತ್ತುತ್ತಿದ್ದ. ಎದುರಿನವರು ಈ ತುದಿಯಲ್ಲಿ ಕೈ ಎತ್ತಿ ಹಾರಿರುವಾಗ ಚೆಂಡು ಆ ತುದಿಯಲ್ಲಿ ನೆಲ ಕಂಡಿರುತ್ತಿತ್ತು. ಒಮ್ಮೆ ನಮ್ಮ ಬಾಳಪ್ಪನೇ ಮೋಸಹೋಗಿ ಬರಿಗಾಳಿಗೆ ಬಾರಿಸಿದ್ದ. ಮೂರನೆಯವನು ಮುಂಡಪ್ಪ. ಎಂಥ ಕೆಟ್ಟ ಚೆಂಡಾದರೂ ಓಡಿ, ಬಿದ್ದು, ಮೊಣಕೈ ಕೆತ್ತಿಸಿಕೊಂಡು ಎತ್ತುತ್ತಿದ್ದ. ಬಿದ್ದಲ್ಲಿಂದಲೇ ಹೊಡೆಯುವವನನ್ನು ಬೈಯುತ್ತಿದ್ದ. "ನಾನು ಬಿದ್ದದ್ದು ನಿನ್ನ ಮುಖ ನೋಡ್ಲಿಕ್ಕಾ? ಹೊಡಿ ಮಾರಾಯ!"

ನಾಲ್ಕನೇ ನಂಬರ್ ತಾರಾನಾಥ. ಎಪ್ಪತ್ತೆಂಟರಲ್ಲಿ ಬಂದ ಉಡುಪಿ ಕಡೆಯ ಹುಡುಗ, ವಿಠ್ಠಲವಾಡಿಯಲ್ಲಿ ಅಣ್ಣನ ಮನೆಯಲ್ಲಿ ಇದ್ದ. ನನ್ನನ್ನು ಕೇಳಿದರೆ ಅವನು ಎರಡನೆಯವನು, ಕೆಲವು ದಿನ ಒಂದನೆಯವನು. ಒಬ್ಬೊಬ್ಬ ಸ್ಮ್ಯಾಷರಿಗೆ ಒಂದೊಂದು ರೀತಿ ಎತ್ತುತ್ತಿದ್ದ. ಅವನು ಬಂದ ಮೇಲೆ ಸಾಧಾರಣ ಹುಡುಗರೂ ದೊಡ್ಡ ಆಟಗಾರರಂತೆ ಕಾಣತೊಡಗಿದರು. ಆದರೆ ನಮ್ಮ ರೈಲಿನ ಡಬ್ಬಿಯಲ್ಲಿ ಕೊನೆಯ ಮಾತು ಬಾಳಪ್ಪನದು.

"ಹೊಡದಾಂವ ನಾನು. ಎತ್ತಿದಾಂವ ಎಂಥಾವ ಅನ್ನೂದು ನನಗ ಗೊತ್ತು. ನಾಲ್ಕು ಅಂದ್ರ ನಾಲ್ಕು."

ಅದಕ್ಕೆ ಎಂಬತ್ತೊಂದರ ಫೈನಲ್ ಕಾರಣ. ಠಾಣೆಯಲ್ಲಿ ಕಂಪನಿಗಳ ಟೂರ್ನಮೆಂಟು, ಐದನೇ ಸೆಟ್ಟು, ಒಂದು ಪಾಯಿಂಟ್ ಹೋದರೆ ಕಪ್ ಹೋಯಿತು. ಚೆಂಡು ತಾರಾನಾಥನ ಕೈಗೆ ಬಂತು. "ನನಗ ಕೊಡೋ!" ಎಂದು ಬಾಳಪ್ಪ ಕೈ ಎತ್ತಿ ಕೂಗಿದ್ದು ಆಚೆಯ ರಸ್ತೆಗೂ ಕೇಳಿಸಿತು. ತಾರಾನಾಥ ಇನ್ನೊಂದು ತುದಿಯಲ್ಲಿದ್ದ ಹೊಸ ಹುಡುಗ ಹೃಷೀಕೇಶನಿಗೆ ಎತ್ತಿದ. ಅವನು ಹೊಡೆದದ್ದು ಗೆರೆಯಾಚೆ ಬಿತ್ತು. ಬಾಳಪ್ಪನಿಗೆ ಅದೇ ಕೊನೆಯ ಪಂದ್ಯವಾಯಿತು, ಆಮೇಲೆ ಕಂಪನಿ ಅವನನ್ನು ಸೂಪರ್‌ವೈಜರ್ ಮಾಡಿ ಕುರ್ಚಿಯಲ್ಲಿ ಕೂರಿಸಿತು. ಅಂದು ಎಲ್ಲರ ಮುಂದೆ ಬಾಳಪ್ಪ ಬಾಯಿಗೆ ಬಂದಂತೆ ಬೈದ. ತಾರಾನಾಥ "ತಪ್ಪಾಯ್ತು ಬಾಳಪ್ಪಣ್ಣ" ಎಂದ, ಅಷ್ಟೇ. ಮುಂದೆ ಅವನು ನಮಗೆ ಕಪ್ ಗೆದ್ದುಕೊಟ್ಟರೂ ಬಾಳಪ್ಪ ಸಿಕ್ಕಸಿಕ್ಕಲ್ಲಿ ಆ ಚೆಂಡಿನ ಮಾತೆತ್ತಿ ಅವನನ್ನು ಚುಚ್ಚುತ್ತಿದ್ದ. ಹುಡುಗ ನಗುತ್ತ ಕೇಳಿಸಿಕೊಳ್ಳುತ್ತಿದ್ದ.

ಎಂಬತ್ತೇಳರಲ್ಲಿ ಬಾಳಪ್ಪನ ಮಗಳು ಜಯಲತಾ, ತಾನು ಮದುವೆಯಾಗುವುದಾದರೆ ತಾರಾನಾಥನನ್ನು ಎಂದು ಮನೆಯಲ್ಲಿ ಹೇಳಿದಳು. ಚಿಕ್ಕಂದಿನಿಂದ ಪಂದ್ಯ ನೋಡಲು ಬರುತ್ತಿದ್ದ ಹುಡುಗಿ. ಆಗ ಕಲ್ಯಾಣದ ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಬಾಳಪ್ಪನ ಹೆಂಡತಿ ಕಾಶವ್ವ ನನ್ನನ್ನು ಮನೆಗೆ ಕರೆಸಿದಳು.

"ಅವರು ಮೀನ ತಿನ್ನೋ ಮಂದಿ ಅಣ್ಣಾರ. ನಾ ಹೆಂಗೋ ಮನಸ್ಸು ಗಟ್ಟಿ ಮಾಡ್ಕೊಂಡೇನಿ. ಇವರನ್ನ ನೋಡ್ರಿ, ಏನ್ ಹೇಳತಾರ ಕೇಳ್ರಿ."

ಬಾಳಪ್ಪ ಜೋಕಾಲಿಯ ಮೇಲೆ ಕೂತಿದ್ದ. "ಮೀನ ತಿನ್ನಲಿ, ಏನರೆ ತಿನ್ನಲಿ. ನಾಲ್ಕನೇ ನಂಬರಿನವಗ ನನ್ನ ಮಗಳನ್ನ ಕೊಡಂಗಿಲ್ಲ. ಬಿಗಿ ಹೊತ್ತಿನಾಗ ಯಾರನ್ನ ನಂಬಬೇಕು ಅಂತ ತಿಳೀದಾಂವ ಅಂವ. ನಾಳೆ ಇಕಿಗೆ ಬಿಗಿ ಹೊತ್ತು ಬಂದ್ರ ಏನ್ ಮಾಡ್ತಾನ?"

ನನಗೆ ನಗು ಬಂತು, ಸಿಟ್ಟೂ ಬಂತು. ಜಾತಿ, ಊರು, ಭಾಷೆ ಯಾವುದನ್ನೂ ಎತ್ತದೆ ಒಂದು ಚೆಂಡಿಗಾಗಿ ಹುಡುಗಿಯ ಬಾಳನ್ನು ಹಿಡಿದು ನಿಲ್ಲಿಸಿದವನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅತ್ತ ತಾರಾನಾಥನ ತಾಯಿ ಅಕ್ಕು ಊರಿನಲ್ಲಿ ಬೇರೆ ಹೆಣ್ಣು ನೋಡಿ ಇಟ್ಟಿದ್ದರು, ಆ ತಿಂಗಳೊಳಗೆ ಉತ್ತರ ಬೇಕಿತ್ತು. ನಂಬರ್ ಏರಿಸುವಂತೆ ಗಾಡಿಯಲ್ಲಿ ಎಲ್ಲರೂ ಸೇರಿ ಗಂಟುಬೀಳುತ್ತೇವೆ ಎಂದು ನಾನು ಜಯಲತಾಗೆ ಹೇಳಿದೆ.

"ನಕೋ ಕಾಕಾ," ಎಂದಳು. ಕಣ್ಣು ಕೆಂಪಾಗಿತ್ತು. "ನಂಬರ್ ಬದಲಸೂದು ಬ್ಯಾಡ. ಪಪ್ಪಾ ಮನಸ್ಸಿಂದ ಹೂಂ ಅನ್ನಬೇಕು. ಇಲ್ಲಾಂದ್ರ ನಾ ಮದುವೀನ ಆಗೂದಿಲ್ಲ. ಬಸ್."

ಅದೇ ತಿಂಗಳು ತಂಡಕ್ಕೆ ಇಪ್ಪತ್ತು ವರ್ಷ ತುಂಬಿತೆಂದು ಕಾರ್ಖಾನೆಯ ಮೈದಾನದಲ್ಲಿ ಹಳಬರಿಗೂ ಹೊಸಬರಿಗೂ ಪಂದ್ಯ ಇಟ್ಟರು. ಹಳಬರ ಪಾಡು ನೋಡಲಾರದೆ ಹೊಸಬರು ತಮ್ಮ ಲಿಫ್ಟರನ್ನೇ ಅವರಿಗೆ ಬಿಟ್ಟುಕೊಟ್ಟರು. ಹಾಗೆ ತಾರಾನಾಥ ಮತ್ತೆ ಬಾಳಪ್ಪನ ಪಕ್ಕ ನಿಂತ. ಕಾಶವ್ವ, ಜಯಲತಾ ಇಬ್ಬರೂ ನನ್ನ ಬೆಂಚಿನಲ್ಲಿ ಕೂತಿದ್ದರು.

ಬಾಳಪ್ಪ ಬಂದಕೂಡಲೇ ಕೈ ಎತ್ತಿದ. "ಎತ್ತರ ಕೊಡು, ಅಂಗಾರನ ಹಂಗ!"

ತಾರಾನಾಥ ಎತ್ತರ ಕೊಡಲಿಲ್ಲ. ನೆಟ್ಟಿನಿಂದ ಕೊಂಚ ಹಿಂದೆ, ತಗ್ಗಿನಲ್ಲಿ, ನಿಂತಲ್ಲಿಂದಲೇ ತೋಳು ಬೀಸಿದರೆ ಸಿಗುವಂತೆ ಎತ್ತಿದ. ಬಾಳಪ್ಪ ಗೊಣಗುತ್ತಲೇ ಬಾರಿಸಿದ. ಚೆಂಡು ಹಿಂದಿನ ಮೂಲೆಗೆ ಹೋಗಿ ಬಿತ್ತು. ಇನ್ನೊಂದು, ಮತ್ತೊಂದು. ನಲವತ್ತೈದರ ಆಳು ಇಪ್ಪತ್ತರ ಹುಡುಗರನ್ನು ಓಡಾಡಿಸಿದ್ದನ್ನು ನೋಡಿ ಜನ ಸೀಟಿ ಹೊಡೆದರು. ನಾನು ಮಾತ್ರ ತಾರಾನಾಥನ ಬೆರಳುಗಳನ್ನೇ ನೋಡುತ್ತಿದ್ದೆ. ಅಂಥ ಲಿಫ್ಟಿಂಗನ್ನು ನಾನು ಅಂಗಾರನ ಕೈಯಲ್ಲೂ ಕಂಡಿರಲಿಲ್ಲ.

ಬಾಳಪ್ಪನಿಗೆ ಮಾತ್ರ ಸಿಟ್ಟು ಏರುತ್ತಿತ್ತು. "ಇದೇನು ಹುಡುಗೂರಿಗೆ ಕೊಟ್ಟಂಗ ಕೊಡ್ತಿ? ಆವತ್ತೂ ಕೊಡಲಿಲ್ಲ, ಇವತ್ತೂ ಕೊಡಂಗಿಲ್ಲೇನು?"

ತಾರಾನಾಥ ಒಮ್ಮೆ ಅವನ ಮುಖ ನೋಡಿದ, ಎರಡನೇ ಸಲವೂ ಇಲ್ಲವೆನ್ನಲು ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಮುಂದಿನ ಚೆಂಡನ್ನು ಬಾಳಪ್ಪ ಕೇಳಿದ ಹಾಗೆಯೇ ಎತ್ತಿದ. ನೆಟ್ಟಿನ ನೆತ್ತಿಯ ಮೇಲೆ, ಎತ್ತರದಲ್ಲಿ, ನಿಧಾನವಾಗಿ. ಅದಕ್ಕಿಂತ ಚೆಂದವಾಗಿ ಯಾರೂ ಎತ್ತಲಾರರು. ಬಾಳಪ್ಪ ಓಡಿಬಂದು ಬಲಗಾಲು ಊರಿದ. ಹಾರಲಾಗಲಿಲ್ಲ. ಕಾಲು ನೆಲದಲ್ಲೇ ಉಳಿಯಿತು, ಮೊಣಕಾಲು ಕುಸಿಯಿತು, ನೆಟ್ಟಿಗೆ ಕೈ ಸಿಕ್ಕಿಸಿಕೊಂಡು ಕೂತುಬಿಟ್ಟ. ಚೆಂಡು ಅವನ ಹಿಂದೆ ಬಿದ್ದು ಉರುಳಿಕೊಂಡು ಹೋಯಿತು.

ತಾರಾನಾಥನೇ ಹೆಗಲು ಕೊಟ್ಟು ನಮ್ಮ ಬೆಂಚಿಗೆ ಕರೆತಂದ. ಪ್ಯಾಂಟು ಮೇಲೆ ಮಾಡಿ ನೋಡಿದರೆ ಮೊಣಕಾಲಿಗೆ ದಪ್ಪ ಪಟ್ಟಿ ಸುತ್ತಿದೆ. ಕಾಶವ್ವ ಬಾಯಿಗೆ ಸೆರಗು ಹಿಡಿದಳು, ಅವಳಿಗೂ ಗೊತ್ತಿರಲಿಲ್ಲ.

ಬಾಳಪ್ಪ ತಾರಾನಾಥನ ಕಡೆ ತಿರುಗಿದ. ಆಮೇಲೆ ಕೇಳಿದ, "ಯಾವಾಗಿಂದ ಗೊತ್ತಿತ್ತು ನಿನಗ?"

"ಏನು ಬಾಳಪ್ಪಣ್ಣ?"

"ಸುಮ್ಮಸುಮ್ಮನ ಕೇಳಬ್ಯಾಡ. ಮೊದಲನೇ ಚೆಂಡಿನಿಂದ ನನಗ ತಗ್ಗಿನಾಗ ಕೊಟ್ಟಿ."

ತಾರಾನಾಥ ನೆಲ ನೋಡಿದ. "ಎಂಬತ್ತೊಂದರ ಸೆಮಿಫೈನಲಿನಲ್ಲೇ ಗೊತ್ತಾಗಿತ್ತು. ಬಲಗಾಲು ಊರುವಾಗ ನೀವು ಹಲ್ಲು ಕಚ್ಚುತ್ತಿದ್ರಿ. ಫೈನಲಿನ ಐದನೇ ಸೆಟ್ಟಿಗೆ ನಿಮ್ಮಿಂದ ಹಾರ್ಲಿಕ್ಕೇ ಆಗ್ತಿರಲಿಲ್ಲ."

"ಆವತ್ತು ಇನ್ನೊಂದ್ ಸಲ ಹಾರತೇನಿ ಅನಿಸಿತ್ತು ನನಗ."

"ನಂಗೆ ಗೊತ್ತುಂಟು. ಅದಕ್ಕೇ ಕೊಡಲಿಲ್ಲ. ಕೊಟ್ಟಿದ್ರೆ ಇವತ್ತು ಬಿದ್ದ ಹಾಗೆ ಅವತ್ತು ಇಡೀ ಠಾಣೆಯ ಎದುರು ಬೀಳ್ತಿದ್ರಿ."

"ಮತ್ತ ಹೇಳಲಿಲ್ಲ್ಯಾಕ? ಇಷ್ಟ ವರ್ಷ ನನ್ನ ಕಡಿಂದ ಬೈಸ್ಕೊಂಡಿ. ಈಗ ಜಯಾನ ಮಾತು ಬಂದಾಗರೆ ಹೇಳಬೇಕಿಲ್ಲೋ?"

"ಹೇಳಿದ್ರೆ ಬಾಳಪ್ಪಣ್ಣನ ಕಾಲು ಹೋಯ್ತು, ಕಪ್ಪೂ ಹೋಯ್ತು ಅಂತ ಜನ ಹೇಳ್ತಿದ್ರು. ನಿಮ್ಮ ಕೊನೆಯ ಮ್ಯಾಚು ಅದು. ಲಿಫ್ಟರ್ ತಪ್ಪು ಮಾಡಿದ ಅಂದ್ರೆ ಯಾರಿಗೆ ಏನು ನಷ್ಟ?"

ಇಷ್ಟು ವರ್ಷ ಅವನ ಬೆರಳುಗಳನ್ನು ಹೊಗಳಿದ ನಾನೂ ಆ ಕೊನೆಯ ಚೆಂಡನ್ನು ಅವನ ತಪ್ಪೆಂದೇ ನಂಬಿದ್ದೆ. ಈ ಹುಡುಗ ಕಾಪಾಡಿದ್ದು ಒಂದು ಪಾಯಿಂಟನ್ನಲ್ಲ, ಒಬ್ಬ ಮನುಷ್ಯನ ಮಾನವನ್ನು. ಅದಕ್ಕೆ ಕೊಟ್ಟ ಬೆಲೆ ತನ್ನ ಹೆಸರು, ಇನ್ನೇನು ಮದುವೆಯನ್ನೂ ಕೊಡುವುದರಲ್ಲಿದ್ದ.

ಬಾಳಪ್ಪ ಬೆಂಚು ಹಿಡಿದುಕೊಂಡು ಎದ್ದುನಿಂತ. ಮೈದಾನದ ಆಚೆ ಚಹಾ ಕುಡಿಯುತ್ತಿದ್ದವರಿಗೂ ಕೇಳುವಂತೆ ಕೂಗಿದ.

"ಎಲ್ಲಾರೂ ಕೇಳ್ರೆಪಾ! ಎಂಬತ್ತೊಂದರ ಕಪ್ಪು ಹೋಗಿದ್ದು ತಾರಾನಾಥನಿಂದ ಅಲ್ಲ. ನನ್ನ ಕಾಲು ಹೋಗಿತ್ತು. ಅಂವ ಅದನ್ನ ಮುಚ್ಚಿ, ಬೈಗುಳಾನೂ ತಾನ ತಿಂದ."

ನಾನೇ ಧೈರ್ಯ ಮಾಡಿ ಕೇಳಿದೆ, "ಹಂಗಾರ ಈಗ ಎಷ್ಟನೇ ನಂಬರಪಾ?"

"ಅದನ್ನ ಇನ್ನ ನೀವ ಕುಂತು ಹೇಳ್ರಿ ಸಿದ್ದಲಿಂಗಪ್ಪ," ಎಂದ ಬಾಳಪ್ಪ. "ನಾ ಇನ್ನ ಮ್ಯಾಲೆ ಅವನ ಮಾವ. ಅಳಿಯಗ ಮಾವ ಕೊಟ್ಟ ನಂಬರ್ ಯಾರು ನಂಬತಾರ?"

ಜಯಲತಾ ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು. ನಾವೆಲ್ಲ ತಾರಾನಾಥನನ್ನು ನೋಡಿದೆವು, ಏನಾದರೂ ಹೇಳುತ್ತಾನೆ ಎಂದು. ಅವನು ಬಾಳಪ್ಪನನ್ನು ಮೆಲ್ಲಗೆ ಬೆಂಚಿನ ಮೇಲೆ ಕೂರಿಸಿ, ಎದುರು ಮಂಡಿಯೂರಿ, ಆ ಪಟ್ಟಿ ಬಿಚ್ಚತೊಡಗಿದ.

"ತುಂಬ ನೋಯ್ತದಾ?" ಎಂದು ಕೇಳಿದ.

"ಹೂಂ," ಎಂದ ಬಾಳಪ್ಪ. "ಭಾಳ ನೋಯ್ತದ." ಅವನ ಬಾಯಲ್ಲಿ ಆ ಮಾತನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.