ಮಾರಮ್ಮನಿಗೆ ತಗಡಿನ ಹೆಲಿಕಾಪ್ಟರ್

ಬೆಸುಗೆಗೆ ಹಾಕಿದ ನವಸಾಗರದ ಹೊಗೆ ಮೂಗಿಗೆ ಹತ್ತಿತು, ಸೀನು ಬರುತ್ತದೆ, ಬರಬಾರದು, ಈಗ ಸೀನಿದರೆ ಬಾಲದ ಪುಟ್ಟ ಫ್ಯಾನು ಸೊಟ್ಟಗಾಗುತ್ತದೆ — ತಡಿ, ತಡಿ ಗೌಸ್ ಮೊಹಿದ್ದೀನ್, ಉಸಿರು ಹಿಡಿ — ಹಾಂ, ಕೂತಿತು ಬೆಸುಗೆ. ಬಾಲದ ಫ್ಯಾನು ಎಡಕ್ಕೆ, ಬಾಗಿಲು ಬಲಕ್ಕೆ, ತಲೆಯ ಮೇಲೆ ರೆಕ್ಕೆ ಮೂರು, ನಾಲ್ಕಲ್ಲ, ಗುಂಡ್ಲುಪೇಟೆ ಬಜಾರಿನಲ್ಲಿ ಎಲ್ಲರೂ ನಾಲ್ಕು ಅನ್ನುತ್ತಾರೆ, ಅದರ ಹೊಟ್ಟೆಯ ಕೆಳಗೆ ನೇತಾಡಿದವರು ಅವರಲ್ಲಿ ಒಬ್ಬರೂ ಇಲ್ಲ. ಬಟ್ಟೆ ಅಂಗಡಿಯ ನೀಲಕಂಠಸ್ವಾಮಿ ಇಣುಕಿ, ಏನ್ ಸಾಬ್ರೇ, ಲಾಟೀನು ಬುಟ್ಟು ಇಮಾನ ಇಡ್ಕಂಡ್ರಾ, ಎಂದು ಹಲ್ಲು ಕಿರಿದು ಹೋದ. ಇಮಾನವಲ್ಲ ಕಣಯ್ಯ, ಹೆಲಿಕಾಪ್ಟರು, ಆದರೆ ಲಾಟೀನು ಮಾಡಿದ ಕೈ ಲಾಟೀನಿನದೇ, ಮೊದಲ ಸಲ ಮೈ ಮಡಿಚುವಾಗ ಅಭ್ಯಾಸಬಲದಿಂದ ಸುತ್ತಲೂ ಗಾಳಿತೂತು ಹೊಡೆದುಬಿಟ್ಟೆ, ಆ ತಗಡು ಈಗ ನನ್ನ ಹೆಂಡತಿ ದಿಲ್ಶಾದಳ ಜರಡಿಯಾಗಿದೆ. ಎರಡನೆಯದು ಸರಿಹೋಯಿತು. ಸೀಮೆಎಣ್ಣೆ ಡಬ್ಬದ ಮೈ, ಮೂಗಿಗೆ ಟೀ ಸೋಸುವ ಜಾಲರಿ, ನಾಲ್ಕು ಚಕ್ರಕ್ಕೆ ಹಳೇ ಕೋಟಿನ ಗುಂಡಿ, ರೆಕ್ಕೆಯ ಕಂಬಕ್ಕೆ ಸೈಕಲ್ ಕಡ್ಡಿ. ಅಳತೆಗೆ ನಾನೇ ಗಜಕಡ್ಡಿ, ನಾನು ಮೂರು ಬೆರಳಗಲ ಎತ್ತರವಾದರೆ ಅದರ ಮೈ ಒಂದು ಮೊಳ. ಹನ್ನೊಂದರ ಬಸ್ಸಿಗೆ ಹಂಗಳದಿಂದ ಕರಿಯಮ್ಮ ಬರುತ್ತಾಳೆ, ನಾಳೆ ಮಂಗಳವಾರ, ಮಾರಮ್ಮನಿಗೆ ಒಪ್ಪಿಸಬೇಕು. ಹೋದ ಕಣ್ಣು ಬಂದವರು ಬೆಳ್ಳಿ ಕಣ್ಣು ಕೊಡುತ್ತಾರೆ, ಮಗುವಾದವರು ತೊಟ್ಟಿಲು ಕಟ್ಟುತ್ತಾರೆ, ಕರಿಯಮ್ಮ ಕೆರೆ ಒಡೆದ ದಿನ ಹಗ್ಗದಲ್ಲಿ ಮೇಲೇರುತ್ತ, ನಮ್ಮಿಬ್ರನ್ನೂ ಉಳಿಸ್ಬುಡವ್ವ, ಇದೇ ಇಮಾನ್ವ ಬೆಳ್ಳೀಲಿ ಮಾಡಿಸ್ಕೊಡ್ತೀನಿ, ಎಂದು ಹರಕೆ ಹೊತ್ತಿದ್ದಳಂತೆ. ಅವಳು ಉಳಿದಳು, ಗಂಡ ಪುಟ್ಟಮಾದಯ್ಯ ಉಳಿಯಲಿಲ್ಲ. ಅರ್ಧ ಕೆಲ್ಸ ಮಾಡ್ದೋಳ್ಗೆ ಬೆಳ್ಳಿ ಯಾಕ್ ಸಾಬ್ರೇ, ತಗಡೇ ಸಾಕು, ಆದ್ರೆ ಒಂದ್ ಕೂದ್ಲೂ ಎಚ್ಚುಕಮ್ಮಿ ಆಗ್ಬಾರ್ದು, ಅವ್ವ ಗುರುತು ಇಡೀಬೇಕು — ಹೀಗೆಂದು ಕಣ್ಣೊರೆಸಿಕೊಳ್ಳಲೂ ಇಲ್ಲ, ಎಲೆಯಡಿಕೆ ಹಾಕಿಕೊಂಡು ಬಸ್ಸಿಗೆ ಹೋದಳು.

ಈಗ ಬಾಗಿಲ ಅಂಚಿನ ರಿವೆಟ್ಟಿನ ಗುಳ್ಳೆಗಳು, ಮೊಂಡು ಮೊಳೆಯನ್ನು ಒಳಗಿನಿಂದ ಒತ್ತಿದರೆ ಹೊರಗೆ ಗುಂಡಗೆ ಉಬ್ಬುತ್ತವೆ, ಏಕ್, ದೋ, ತೀನ್, ಒಂದು ಬದಿಗೆ ಇಪ್ಪತ್ತಮೂರು, ನಿಜವಾಗಿಯೂ ಇಪ್ಪತ್ತಮೂರು, ಎಣಿಸಿದ್ದೇನೆ. ಹೋದ ವರ್ಷದ ಮಾತು, ಕನ್ನಡ ನಾಡು ಒಂದಾಗಿ ರಾಜ್ಯ ದೊಡ್ಡದಾದ ಮರುವರ್ಷದ ಮಳೆಗಾಲ, ಚಾಮರಾಜನಗರದಿಂದ ತಗಡು ಹೇರಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೇನೆ, ತೆರಕಣಾಂಬಿ ಇನ್ನೂ ದೂರ, ದಾರಿಯ ಕೆರೆ ಒಡೆದಿದೆ, ಜನ ದಿಬ್ಬದ ಕಡೆ ಓಡುತ್ತಾರೆ, ಹಿಂದುಳಿದ ನಾವು ಮೂವರು, ಆ ಗಂಡಹೆಂಡಿರು, ನಾನು, ಪಾಳು ಛತ್ರದ ಹೆಂಚಿನ ಮೇಲೆ. ಒಂದೇ ಕಂಬಳಿ, ಪುಟ್ಟಮಾದಯ್ಯನದು. ಅಲ್ಯಾಕ್ ನೆನೀತೀರಿ, ಇತ್ಲಾಗ್ ಬನ್ನಿ ಸಾಬ್ರೇ, ಎಂದು ಅದರ ಅರ್ಧ ನನಗೆ ಹೊದಿಸಿದ. ಬೆಳಗಾದ ಮೇಲೆ ಬೆಂಗಳೂರಿನ ಕಡೆಯಿಂದ ಈ ದಢೂತಿ ಹೆಲಿಕಾಪ್ಟರು ಬಂತು, ಹೆಂಚೆಲ್ಲ ತರಗೆಲೆ ಹಾರಿದಂತೆ ಹಾರಿದವು, ಹಗ್ಗದ ಕುಣಿಕೆ ಇಳಿಯಿತು, ಕರಿಯಮ್ಮ ಹೋದಳು. ಎರಡನೆಯ ಸಲ ಇಳಿಯಿತು — ಆಗ ನಮ್ಮೋರು ಏನಂದ್ರು ಸಾಬ್ರೇ, ಎಂದು ಆಮೇಲೆ ಅವಳು ಕೇಳಿದಳು, ನಾನು ಹೇಳಿದೆ, ನೀವು ಮಕ್ಳೊಂದಿಗರು, ಮೊದ್ಲು ಓಗಿ, ನಾ ಆಮೇಕ್ ಬತ್ತೀನಿ ಅಂದ್ರು ತಾಯಿ. ಅವಳು ಊಂ ಅಂದಳು. ತಿಥಿಯ ದಿನ ಇನ್ನೊಮ್ಮೆ ಹೇಳಿದೆ, ಜನರೆಲ್ಲ ಕೈಮುಗಿದರು, ಅವಳು ಮತ್ತೆ ಊಂ ಅಂದಳು. ಅವನು ಹಾಗೆ ಅನ್ನಲೇ ಇಲ್ಲ. ಕುಣಿಕೆ ಸಿಕ್ಕಿದ್ದು ಅವನ ಕೈಗೆ, ಹಿಡಿದು ನಿಲ್ಲಿಸಿ, ಕಂಬಳಿ ಮಡಿಚಿಕೊಳ್ಳಲು ಅರೆಗಳಿಗೆ ಆ ಕಡೆ ತಿರುಗಿದ, ಕಂಬಳಿ ಬಿಟ್ಟು ಬರುವ ಆಳಲ್ಲ ಅವನು — ನಾನು ತೋಳು ತೂರಿಸಿಬಿಟ್ಟೆ. ಏಯ್ ಸಾಬ್ರೇ, ಅಂದ, ಅಷ್ಟೇ ಅಂದದ್ದು. ನಾಚಿಕೆಗೆ ಕೆಳಗೆ ನೋಡಲಾರದೆ ಮೇಲೆ ನೋಡಿದೆ, ರೆಕ್ಕೆ ಮೂರು, ಚಕ್ರ ನಾಲ್ಕು, ಗುಳ್ಳೆ ಇಪ್ಪತ್ತಮೂರು, ಒಳಗೆ ಎಳೆದುಕೊಂಡಾಗ ಬಾಗಿಲಲ್ಲೇ ಕೂತಿದ್ದ ಕರಿಯಮ್ಮನ ಕಾಲು ತುಳಿದೆ, ತಿರುಗಿ ನೋಡಿದರೆ ಛತ್ರವಿಲ್ಲ, ಬರೀ ಕೆಂಪು ನೀರು. ಮೂರನೆಯ ಸಲ ಇಳಿದ ಕುಣಿಕೆ ಖಾಲಿಯೇ ಬಂತು, ಗಾಳಿಗೆ ಆ ಕಡೆ, ಈ ಕಡೆ ತೂಗುತ್ತ.

ಊಟ ಆರುತ್ತಿದೆ ಎಂದು ಒಳಗಿನಿಂದ ದಿಲ್ಶಾದ್ ಕೂಗುತ್ತಿದ್ದಾಳೆ, ಬಂದೆ, ಬಂದೆ, ಬಾಗಿಲ ಮೇಲಿನ ತೋಳು ಒಂದು ಬಾಕಿ, ಅದರಿಂದ ತಂತಿ, ತಂತಿಯ ತುದಿಗೆ ಕುಣಿಕೆ. ಕುಣಿಕೆಯಲ್ಲಿ ಕೂರಿಸಲು ಮೂರು ಬೆರಳಿನ ತಗಡು ಮನುಷ್ಯನೊಬ್ಬನನ್ನು ಕತ್ತರಿಸಿಟ್ಟಿದ್ದೇನೆ, ಹೆಗಲ ಮೇಲೆ ಕಂಬಳಿ, ಗಂಡನನ್ನು ಕಂಡು ಕರಿಯಮ್ಮನಿಗೆ ಸಮಾಧಾನವಾದೀತು, ಅಥವಾ ನನಗೆ. ತೋಳು ಕೂತಿತು, ತಂತಿ ನೆಟ್ಟಗಿದೆಯೋ ನೋಡಬೇಕು, ಹೊರಗಿನಿಂದ ತಿಳಿಯದು, ಎತ್ತಿ ಹಿಡಿದು ಆ ಬದಿಯ ಕಿಟಕಿಗೆ ಕಣ್ಣಿಟ್ಟು ಬಾಗಿಲ ಮೂಲಕ ನೋಡಿದರೆ — ನೆಟ್ಟಗಿದೆ. ತಂತಿ ಕಾಣುತ್ತದೆ, ಕುಣಿಕೆ ಕಾಣುತ್ತದೆ, ಅದರ ಕೆಳಗೆ ನನ್ನ ಮೊಣಕಾಲು, ಕತ್ತರಿ, ತಗಡಿನ ಚೂರು, ಆ ತಗಡು ಮನುಷ್ಯ, ಎಲ್ಲ ಕಾಣುತ್ತದೆ, ಒಂದೂ ಮರೆಯಿಲ್ಲ. ಯಾ ಅಲ್ಲಾ. ಇಲ್ಲೇ ಕೂತಿದ್ದಳಲ್ಲ ಅವಳು, ಬಾಗಿಲಲ್ಲೇ, ಅವಳ ಕಾಲು ತುಳಿದೆನಲ್ಲ. ಒಂದು ವರ್ಷ ಹೇಳಿದ್ದನ್ನೇ ಹೇಳಿದೆ, ಕಣ್ಣಾರೆ ನೋಡಿದವಳ ಮುಂದೆ, ತಿಥಿಯ ಎಲೆಯ ಮುಂದೆ ಕೂತು, ಅವಳು ಬಡಿಸಿದ್ದನ್ನು ಉಣ್ಣುತ್ತ — ಥೂ ನನ್ನ ಜನ್ಮಕ್ಕೆ. ಹೆಲಿಕಾಪ್ಟರನ್ನು ಕೆಳಗಿಡುತ್ತೇನೆ, ಬೆಸುಗೆ ಮುಗಿದಿದೆ.

ಆಯ್ತಾ ಸಾಬ್ರೇ, ಕರಿಯಮ್ಮ, ಯಾವಾಗ ಬಂದಳು, ಬಸ್ಸಿನ ಧೂಳು ಇನ್ನೂ ಸೆರಗಿನಲ್ಲಿದೆ, ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾಳೆ, ಅಬ್ಬಬ್ಬ, ಎಷ್ಟೊಂದ್ ಗುಳ್ಳೆ, ನಾನು ಒಂದೂ ಕಾಣ್ಲಿಲ್ಲ ಕಣಿ, ಅವತ್ತು ಕೆಳಕ್ಕೇ ನೋಡ್ತಿದ್ದೆ. ಹೇಳಿಬಿಡುತ್ತೇನೆ, ತಾಯಿ, ಅವತ್ತು ಅವ್ರು ನನ್ನ ಕಳಿಸ್ಲಿಲ್ಲ, ನಾನೇ ನುಗ್ದೆ. ಅವಳು ಊಂ ಅಂದಳು, ಅದೇ ಊಂ. ಗೊತ್ತು ಬುಡಿ, ಅಂದಳು, ಯಾವತ್ತಾರ ನಿಮ್ ಬಾಯಲ್ಲೇ ಬತ್ತದೆ ಅಂತ ಕಾಯ್ತಿದ್ದೆ. ಬಯ್ಯಲಿ, ಉಗಿಯಲಿ, ಎಂದು ಕಾಯುತ್ತೇನೆ, ಬಯ್ಯುವುದಿಲ್ಲ, ತಗಡು ಮನುಷ್ಯನನ್ನು ಎತ್ತಿ ಕಂಬಳಿಯನ್ನು ಬೆರಳಲ್ಲಿ ಸವರಿ ಮಡಿಲಿಗೆ ಹಾಕಿಕೊಂಡಳು. ಅವನನ್ನು ಕುಣಿಕೆಯಲ್ಲಿ ಕೂರಿಸಲೇ ಎಂದರೆ, ಬ್ಯಾಡ, ಅವತ್ತು ಕುಣ್ಕೆ ಎಂಗ್ ಬಂತೋ ಅಂಗೇ ಇರ್ಲಿ, ಅವ್ವ ನೋಡ್ಲಿ, ಅನ್ನುತ್ತಾಳೆ, ಎದೆಗವಚಿಕೊಂಡು ಬೀದಿಗಿಳಿಯುತ್ತಾಳೆ, ಹೆಜ್ಜೆ ಹೆಜ್ಜೆಗೂ ಅವಳ ತೋಳಿನ ಕೆಳಗೆ ಕುಣಿಕೆ, ಖಾಲಿ ಕುಣಿಕೆ, ಆ ಕಡೆ, ಈ ಕಡೆ, ಆ ಕಡೆ —