ಮುನಿಕೆಂಪಮ್ಮನ ಜಾಗ

ತಪ್ಪು ನನ್ನದೇ. ಬೇರೆಯವರು ಬೆನ್ನ ಹಿಂದೆ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು, ಕೃಷ್ಣವೇಣಿ. ರಿಟೈರಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಲಾರದೆ ಬ್ಯಾಟರಾಯನಪುರದ ನಮ್ಮ ಲೇಔಟಿನ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದೆ. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ" ಎಂದು ನನ್ನ ಗಂಡ ವೇಣುಗೋಪಾಲ ಅವತ್ತೇ ಅಂದಿದ್ದರು. ಅವರ ಮಾತನ್ನು ನಾನು ಯಾವತ್ತು ಕೇಳಿದ್ದೇನೆ?

ನಮ್ಮ ಲೇಔಟಿಗೂ ಹಳೇ ಊರಿಗೂ ನಡುವೆ ಒಂದು ಉದ್ದನೆಯ ಗೋಡೆಯಿದೆ. ಎಂದೋ ಬಾಗಿಲು ಹಾಕಿದ ಕಾರ್ಖಾನೆಯ ಕಾಂಪೌಂಡು. ಅದರ ಬುಡದಲ್ಲಿ ಇಡೀ ಏರಿಯಾದ ಕಸ ಬಂದು ಬೀಳುತ್ತಿತ್ತು. ಇನ್ನು ಗಂಡಸರಿಗೋ, ಗೋಡೆ ಕಂಡರೆ ಸಾಕು, ಅದೇನು ಅವಸರವೋ! ದೇವರ ಚಿತ್ರದ ಟೈಲ್ಸ್ ಅಂಟಿಸಿ ನೋಡಿದೆವು. ದೇವರಿಗೆ ಕೈಮುಗಿದು ಎರಡಡಿ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದರು. ಲೇಔಟಿನವರು ಊರಿನವರನ್ನು ಬೈದರು, ಊರಿನವರು ನಮ್ಮನ್ನು ಬೈದರು. ಕಸ ಮಾತ್ರ ಎರಡೂ ಕಡೆಯಿಂದ ಬರುತ್ತಿತ್ತು.

ಆಗ ಸಿಕ್ಕವಳು ಮೋನಿಷಾ. ಚಿತ್ರಕಲೆ ಓದಿದ ಹುಡುಗಿ, ಯಲಹಂಕದವಳು, ಗೆಳತಿಯರ ಜೊತೆ ಸೇರಿ ಊರೂರಿನ ಗೋಡೆಗಳಿಗೆ ಚಿತ್ರ ಬರೆಯುತ್ತಾಳೆ. "ಬರೀ ಹೂವು, ಬಳ್ಳಿ ಬೇಡ ಆಂಟಿ. ಇಲ್ಲಿನ ಜನಾನೇ ಬರೆಯೋಣ. ತಮ್ಮ ಮುಖದ ಮುಂದೆ ಯಾರೂ ಕಸ ಹಾಕಲ್ಲ" ಅಂದಳು. ಮಾತು ನನಗೆ ಹಿಡಿಸಿತು. ಸಂಘದ ಅಧ್ಯಕ್ಷರಾದ ವೆಂಕಟರಾಮಯ್ಯನವರಿಗೂ ಹಿಡಿಸಿತು, ಆದರೆ ಒಂದು ಷರತ್ತಿನ ಮೇಲೆ.

ಆ ಷರತ್ತು ಮುನಿಕೆಂಪಮ್ಮ. ಎಪ್ಪತ್ತರ ಹತ್ತಿರದ ಹೆಂಗಸು, ಹಳೇ ಊರಿನವಳು, ಗೋಡೆಯ ನಡುಮಧ್ಯೆ ಕೂತು ಹೂವು ಮಾರುತ್ತಾಳೆ. ಒಂದು ಗೋಣಿಚೀಲ, ಒಂದು ಬುಟ್ಟಿ, ಮೂವತ್ತು ವರ್ಷದಿಂದ ಅದೇ ಜಾಗ. ನಾನು ಶಾಲೆಗೆ ಹೊರಟಾಗಲೆಲ್ಲ ಮಲ್ಲಿಗೆ ಅಳೆದು ಕೊಟ್ಟವಳು. ಅವಳ ಮೊಳಕ್ಕೆ ಯಾವತ್ತೂ ನಾಲ್ಕು ಬೆರಳು ಜಾಸ್ತಿ.

"ಚಿತ್ರದ ಮುಂದೆ ಬುಟ್ಟಿ, ಗೋಣಿಚೀಲ ಇದ್ರೆ ಏನ್ ಚೆನ್ನಾಗಿರತ್ತೆ ಮೇಡಂ? ಆ ಯಮ್ಮನ್ನ ಬಸ್ ಸ್ಟಾಪ್ ಹತ್ರ ಕೂರೋಕೆ ಹೇಳಿ" ಎಂದರು ವೆಂಕಟರಾಮಯ್ಯ. ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡೆ.

ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಬಸ್ ಸ್ಟಾಪಿನ ಹತ್ತಿರ ನೆರಳಿಲ್ಲ, ಕೂತರೆ ಬಸ್ಸಿನ ಹೊಗೆಯೆಲ್ಲ ಹೂವಿನ ಮೇಲೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

"ಬಣ್ಣ ಬಳಿಯೋವರೆಗೂ ಅಲ್ಲಿ ಕೂತಿರು ಮುನಿಕೆಂಪಮ್ಮ" ಅಂದೆ.

"ಆಮ್ಯಾಕೆ ಇಲ್ಲಿಗೇ ಬರಬೌದಾ ಟೀಚರಮ್ಮ?"

"ನೋಡೋಣ" ಅಂದೆ.

ನೋಡೋಣ ಎಂದರೆ ಏನರ್ಥ ಎಂದು ಇಡೀ ಕರ್ನಾಟಕಕ್ಕೆ ಗೊತ್ತು. ಅವಳು ಗೋಣಿಚೀಲ ಮಡಚಿದಳು. ಎದ್ದು ನಿಲ್ಲುವಾಗ ಮಂಡಿ ಹಿಡಿದುಕೊಂಡು, ಗೋಡೆಗೆ ಕೈಕೊಟ್ಟು ಎದ್ದಳು. ನಾನು ಕೈ ಚಾಚುವಷ್ಟರಲ್ಲಿ ನಿಂತಾಗಿತ್ತು.

ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ ಮೋನಿಷಾಗೆ ಫೋನ್ ಮಾಡಿ, ಗೋಡೆಯ ನಡುವಿನ ದೊಡ್ಡ ಚಿತ್ರ ಮುನಿಕೆಂಪಮ್ಮನದೇ ಆಗಬೇಕು ಎಂದೆ. ನೆಲದ ಮೇಲಿನ ಜಾಗ ಕಿತ್ತುಕೊಂಡು ಗೋಡೆಯ ಮೇಲೆ ಜಾಗ ಕೊಟ್ಟೆ. ಆಹಾ, ಎಂಥಾ ನ್ಯಾಯ! ಆದರೆ ಅವತ್ತು ನನಗೆ ಅದು ದೊಡ್ಡ ಉಪಕಾರದ ಹಾಗೆಯೇ ಕಂಡಿತ್ತು. ಮೋನಿಷಾ ಬಸ್ ಸ್ಟಾಪಿಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದಳು. ಯಾಕೆಂದು ಮುನಿಕೆಂಪಮ್ಮ ಕೇಳಲೂ ಇಲ್ಲ. ಸೆರಗು ಸರಿಮಾಡಿಕೊಂಡು ಕೂತಳಂತೆ. ಅಲ್ಲಿಂದ ಹದಿನೈದು ದಿನ ಗೋಡೆಯ ಮುಂದೆ ಹಸಿರು ಪರದೆ ಕಟ್ಟಿ ಕೆಲಸ ನಡೆಯಿತು.

ಈಗ ನನ್ನ ಹೆಡ್ಡತನದ ಮುಖ್ಯ ಭಾಗ. ಶಾಲೆಯಲ್ಲಿ ಎಷ್ಟು ಸಮಾರಂಭ ಮಾಡಿಸಿಲ್ಲ ನಾನು! ಪ್ರಾರ್ಥನೆ, ಸ್ವಾಗತ, ದೀಪ, ಭಾವಚಿತ್ರಕ್ಕೆ ಮಾಲಾರ್ಪಣೆ, ವಂದನಾರ್ಪಣೆ. ಕಣ್ಣು ಮುಚ್ಚಿಕೊಂಡು ಕಾರ್ಯಕ್ರಮ ಪಟ್ಟಿ ಬರೆದೆ. ಮಾಲೆಯನ್ನು ಬೇರೆ ಕಡೆ ತರುವುದೇಕೆ, ವ್ಯಾಪಾರವಾದರೂ ಆಗಲಿ ಎಂದು ಮುನಿಕೆಂಪಮ್ಮನಿಗೇ ಹೇಳಿದೆ: "ಭಾನುವಾರಕ್ಕೆ ಒಂದು ದೊಡ್ಡ ಸುಗಂಧರಾಜದ ಹಾರ ಕಟ್ಟಿಕೊಡು. ಹತ್ತೂವರೆಗೆ ನೀನೂ ಬಾ. ನಿನಗೊಂದು ಸರ್‌ಪ್ರೈಸ್ ಇದೆ." ಅವಳ ಮುಖ ಅರಳಿತು. ಜಾಗ ವಾಪಸು ಕೊಡುತ್ತಾರೆ ಎಂದುಕೊಂಡಳೋ ಏನೋ.

ಭಾನುವಾರ ಹಾರ ಬೆಳಿಗ್ಗೆಯೇ ಬಂದಿತ್ತು; ಮುಖ್ಯ ಅತಿಥಿಗಳಿಗೆ ಅವಸರವೆಂದು ಮುನಿಕೆಂಪಮ್ಮ ಬರುವ ಮುಂಚೆಯೇ ಪರದೆ ಸರಿಯಿತು. ಚಿತ್ರ ನೋಡಿ ನನಗೇ ಮೈ ಜುಮ್ಮೆಂದಿತು. ಆಳೆತ್ತರದ ಮುನಿಕೆಂಪಮ್ಮ, ಕೈಯಲ್ಲಿ ಹೂವಿನ ಎಳೆ, ಹಣೆಯ ಸುಕ್ಕೊಂದೂ ತಪ್ಪಿಲ್ಲ. ಸುತ್ತ ಬಟ್ಟೆ ಇಸ್ತ್ರಿ ಮಾಡುವವರು, ಆಟೋದವರು, ನಮ್ಮ ಮಜೀದ್ ಸಾಬರ ಸೈಕಲ್ ಅಂಗಡಿ. ಚಪ್ಪಾಳೆ ನಿಲ್ಲಲೇ ಇಲ್ಲ. ಮುಖ್ಯ ಅತಿಥಿಗಳು ಚಿತ್ರದ ಮೇಲೆ ಹೊಡೆದಿದ್ದ ಮೊಳೆಗೆ ಹಾರ ಹಾಕಿದರು. ವೆಂಕಟರಾಮಯ್ಯನವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಚಿತ್ರದ ಹಣೆಗೆ ಕುಂಕುಮ ಇಟ್ಟು, ಬುಡದಲ್ಲಿ ಎರಡು ಊದುಬತ್ತಿ ಹಚ್ಚಿ, ಕೈಮುಗಿದು ನಿಂತರು. ನಾವೆಲ್ಲರೂ ಕೈಮುಗಿದೆವು. ಐವತ್ತು ಜನ ಓದಿದವರು, ಒಬ್ಬರ ತಲೆಗೂ ಹೊಳೆಯಲಿಲ್ಲ!

ಹೊಳೆದದ್ದು ಆಶಾರಾಣಿ ಚೀರಿದಾಗ. ಮುನಿಕೆಂಪಮ್ಮನ ಸೊಸೆ, ಊರಿನ ಕಡೆಯಿಂದ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬರುತ್ತಿದ್ದವಳು. "ಅಯ್ಯೋ ನಮ್ಮತ್ತೆ! ಬೆಳಿಗ್ಗೆ ಚೆನ್ನಾಗೇ ಇದ್ರಲ್ಲಪ್ಪಾ, ಏನಾಗೋಯ್ತು ನಮ್ಮತ್ತೆಗೆ!" ಎಂದು ಪ್ಯಾಕೆಟ್ ಅಲ್ಲೇ ಬಿಟ್ಟು ನಡುರಸ್ತೆಯಲ್ಲಿ ಕುಸಿದು ಕೂತಳು. ಊರಿನ ಹೆಂಗಸರು ಓಡಿಬಂದರು. ಹಾರ, ಕುಂಕುಮ, ಊದುಬತ್ತಿ ನೋಡಿ ಅವರೂ ಶುರು ಮಾಡಿದರು. ಬದುಕಿರುವವರ ಪಟಕ್ಕೆ ಯಾರು ಹಾರ ಹಾಕುತ್ತಾರೆ?

ಅಷ್ಟರಲ್ಲಿ ಬಸ್ ಸ್ಟಾಪಿನ ಕಡೆಯಿಂದ ಮುನಿಕೆಂಪಮ್ಮನೇ ಬಂದಳು. ಹೊಸ ಸೀರೆ ಉಟ್ಟಿದ್ದಳು. ಸೊಸೆ ಎದ್ದುಹೋಗಿ ತಬ್ಬಿಕೊಂಡರೂ ಅವಳ ಕಣ್ಣು ಗೋಡೆಯ ಮೇಲೆಯೇ ಇತ್ತು.

"ನನ್ ಕೈಯಾರೆ ಕಟ್ಟಿದ ಆರಾನ ನನ್ಗೇ ಆಕ್ಬುಟ್ರಾ ಟೀಚರಮ್ಮ?" ಅಂದಳು. ಕೂಗಲಿಲ್ಲ. "ಜಾಗದಿಂದ ಎಬ್ಬಿಸ್ದಾಗ್ಲೇ ನಂಗೆ ಗೊತ್ತಾಗ್ಬೇಕಾಗಿತ್ತು ಬುಡಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಸೊಸೆಯ ಹೆಗಲು ಹಿಡಿದು ಊರಿನ ಕಡೆ ಹೊರಟುಹೋದಳು.

ಮಾರನೆಯ ದಿನ ಬಸ್ ಸ್ಟಾಪಿನಲ್ಲೂ ಅವಳಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಅವಳ ಚಿತ್ರದ ಕಾಲಬುಡದಲ್ಲೇ ಆರು ಕವರು ಕಸ! ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಇಷ್ಟು ವರ್ಷ ಆ ಗೋಡೆಯುದ್ದಕ್ಕೂ ಕಸ ಬೀಳದ ಜಾಗ ಒಂದೇ ಒಂದಿತ್ತು, ಅದು ಇದೇ. ದಿನಾ ಬೆಳಿಗ್ಗೆ ಗುಡಿಸಿ, ನೀರು ಚಿಮುಕಿಸಿ, ಎರಡೆಳೆ ರಂಗೋಲಿ ಎಳೆದು ಕೂರುತ್ತಿದ್ದಳು. ಊರಿನವರು ನಮ್ಮ ಕಡೆ ಬರುತ್ತಿದ್ದರೆ ಅವಳ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು, ನಾವೂ ನಿಲ್ಲುತ್ತಿದ್ದೆವು. ಎರಡು ಕಡೆಯವರು ಪರಸ್ಪರ ಮಾತಾಡುತ್ತಿದ್ದದ್ದೇ ಅಲ್ಲಿ. ಗೋಡೆಯಿಂದ ನಾವು ಏನೇನು ಬಯಸಿದ್ದೆವೋ ಅದನ್ನೆಲ್ಲ ಒಬ್ಬ ಹೆಂಗಸು ಗೋಣಿಚೀಲದ ಮೇಲೆ ಕೂತು ಮಾಡುತ್ತಿದ್ದಳು. ಅವಳನ್ನು ಎಬ್ಬಿಸಿ ಅವಳ ಚಿತ್ರ ಬರೆಸಿದೆವು. ಗಣಿತ ಕಲಿಸಿದವಳಂತೆ ನಾನು, ನನ್ನ ತಲೆಗೆ ಸೊನ್ನೆ!

ಅವತ್ತೇ ಸಂಜೆ ಹಳೇ ಊರಿಗೆ ಹೋದೆ. ವೇಣುಗೋಪಾಲರೂ ಬಂದರು. "ಅವರು ಹೊಡೆದ್ರೆ ಹಿಡ್ಕೊಳ್ಳೋಕೆ ಒಬ್ರಾದ್ರೂ ಬೇಕಲ್ಲ" ಎಂದರು. ಇಪ್ಪತ್ತೆಂಟು ವರ್ಷ ಆ ಗೋಡೆಯ ಪಕ್ಕ ಬಾಳಿದವಳು ನಾನು, ಅವಳ ಮನೆ ಯಾವುದೆಂದು ದಾರಿಯಲ್ಲಿ ಕೇಳಬೇಕಾಯಿತು.

ಮುನಿಕೆಂಪಮ್ಮ ಒಳಗೆ ಬಾ ಅನ್ನಲಿಲ್ಲ, ಹೊರಗೆ ಹೋಗು ಅಂತಲೂ ಅನ್ನಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದೆ: "ತಪ್ಪಾಯ್ತು ಮುನಿಕೆಂಪಮ್ಮ. ಹಾರದ್ದೂ ತಪ್ಪು, ಜಾಗದ್ದೂ ತಪ್ಪು. ಜಾಗದ್ದೇ ದೊಡ್ಡದು."

"ನೀವೇ ಬಂದು ಎಬ್ಬಿಸ್ದೆ ಇದ್ದಿದ್ರೆ ಇಷ್ಟ್ ಒಟ್ಟೆ ಉರೀತಿರ್ಲಿಲ್ಲ ಕಣಮ್ಮ" ಅಂದಳು. ಅವಳ ಕಣ್ಣಲ್ಲಿ ನೀರು ಬಂತು. "ಬ್ಯಾರೆ ಯಾರಾನಾ ಬಂದಿದ್ರೆ ಜಗಳ ಆಡಿ ಅಲ್ಲೇ ಕುಂತಿರ್ತಿದ್ದೆ. ನೀವಲ್ವಾ ಅಂತ ಎದ್ದೆ."

ಆಶಾರಾಣಿ ಕಾಫಿ ತಂದಿಟ್ಟಳು. ಮನೆಯೊಳಗಿನ ಗೋಡೆಯ ಮೇಲೆ ಹಾರ ಹಾಕಿದ ಒಂದು ಪಟವಿತ್ತು. ದಪ್ಪ ಮೀಸೆಯ ಗಂಡಸು.

"ನಮ್ಮೆಜಮಾನ" ಅಂದಳು ಮುನಿಕೆಂಪಮ್ಮ.

"ಬ್ಯಾಟರಾಯಪ್ಪ ಅಂತ, ನಮ್ಮಾವ" ಎಂದು ಸೊಸೆ ಸೇರಿಸಿದಳು, ಅತ್ತೆ ಗಂಡನ ಹೆಸರು ಹೇಳುವುದಿಲ್ಲವಲ್ಲ.

"ನಿಮ್ ಲೇಔಟ್ ಐತಲ್ಲ, ಅದೆಲ್ಲ ದ್ರಾಕ್ಷಿ ತೋಟ" ಎಂದಳು ಮುನಿಕೆಂಪಮ್ಮ. "ಇವ್ನೇ ಚಪ್ಪರ ಕಟ್ತಿದ್ದಿದ್ದು. ನಮ್ಮೂರೋರ್ ಮುಖ ಬರೀಬೇಕು ಅಂದ್ರೆ ಇವ್ನದ್ ಬರೀರಿ. ಆರಾನೂ ಆಕಿ, ಗಂಧದಕಡ್ಡೀನೂ ಅಚ್ಚಿ. ಬದುಕಿರೋರ್ನ ಮಾತ್ರ ಬದುಕೋಕ್ ಬುಡಿ."

ನನ್ನ ಮನೆ ಯಾವ ಸರ್ವೆ ನಂಬರಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಯಾರ ಚಪ್ಪರದ ಕೆಳಗಿತ್ತು ಎಂದು ಅವತ್ತು ಗೊತ್ತಾಯಿತು.

ಮುಂದಿನ ಸಭೆಯಲ್ಲಿ ನಾನು ಹಟ ಹಿಡಿದೆ. ಮುನಿಕೆಂಪಮ್ಮ ತನ್ನ ಜಾಗಕ್ಕೆ ಬರಬೇಕು, ಗೋಡೆಯ ಮೇಲೆ ಊರಿನವರು ಹೇಳಿದ ಮುಖ ಬರಬೇಕು, ಇಲ್ಲದಿದ್ದರೆ ನಿಮ್ಮ ನಡಾವಳಿ ಪುಸ್ತಕ ನೀವೇ ಇಟ್ಟುಕೊಳ್ಳಿ. "ಸತ್ತೋರ ಚಿತ್ರ ಬೀದೀಲಿ ಯಾಕ್ ಮೇಡಂ, ಅಪಶಕುನ" ಎಂದರು ಕೆಲವರು. ಇಬ್ಬರು ಸಂಘ ಬಿಟ್ಟರು. ಹೋಗಲಿ. ವೆಂಕಟರಾಮಯ್ಯನವರು ಮಾತ್ರ, ಪಾಪ, ತಾವೇ ಊರಿಗೆ ಹೋಗಿ ಅತ್ತೆ ಸೊಸೆ ಇಬ್ಬರ ಕ್ಷಮೆಯನ್ನೂ ಕೇಳಿ ಬಂದರು.

ಮೋನಿಷಾ ಮತ್ತೆ ಬಂದಳು. ಬ್ಯಾಟರಾಯಪ್ಪನ ಪಟದ ಹಿಂದೆಯೇ ಊರಿನಿಂದ ಹನ್ನೊಂದು ಪಟ ಬಂದವು. ಬಾವಿ ತೋಡಿದವರು, ಸೂಲಗಿತ್ತಿ, ಎತ್ತಿನಗಾಡಿಯಲ್ಲಿ ದ್ರಾಕ್ಷಿ ಸಾಗಿಸಿದವರು. ಮಜೀದ್ ಸಾಬರು ತಮ್ಮ ತಂದೆಯ ಚಿತ್ರ ಬೇಡವೆಂದು ಅವರ ಹಳೇ ಸೈಕಲ್ ಪಂಪ್ ಬರೆಸಿದರು. ಸಂಜೆ ಹೊತ್ತು ಊರಿನವರು ನಿಂತು ಕಥೆ ಹೇಳುವರು, ಲೇಔಟಿನವರು ನಿಂತು ಕೇಳುವರು. ಕಸ ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಆದರೆ ಈಗ ಹಾಕಲು ಬಂದವರನ್ನು ಎರಡೂ ಕಡೆಯವರು ಸೇರಿಯೇ ಬೈಯುತ್ತಾರೆ.

ಕೊನೆಗೆ ಉಳಿದದ್ದು ನಡುವಿನ ಮುನಿಕೆಂಪಮ್ಮನ ಚಿತ್ರ. ಅವಳು ಆಗಲೇ ತನ್ನ ಜಾಗಕ್ಕೆ ಬಂದು ಗೋಣಿಚೀಲ ಹಾಸಿ ಕೂತಾಗಿತ್ತು, ಚಿತ್ರದ ಕಡೆ ಬೆನ್ನು ಮಾಡಿ.

"ಇದನ್ನೇನು ಮಾಡ್ಲಿ ಅಜ್ಜಿ? ದ್ರಾಕ್ಷಿ ಬಳ್ಳಿ ಬರೆದು ಮುಚ್ಚಲಾ?" ಎಂದು ಕೇಳಿದಳು ಮೋನಿಷಾ.

"ಸುಣ್ಣ ಬಳ್ದ್‌ಬುಡವ್ವ. ಅಲ್ಲಿ ಬ್ಯಾರೆ ಏನೂ ಬರೀಬ್ಯಾಡ, ಕಾಲಿ ಬುಡು."

ಪಕ್ಕದಲ್ಲಿ ಬ್ಯಾಟರಾಯಪ್ಪ ಮೀಸೆಯಡಿ ನಗುತ್ತ ನಿಂತಿದ್ದ. ಮೋನಿಷಾ ಸುಣ್ಣ ಬಳಿದಳು. ಆಳೆತ್ತರದ ಬಿಳಿ ಜಾಗ ಉಳಿಯಿತು.

"ಖಾಲಿ ಯಾಕೆ ಮುನಿಕೆಂಪಮ್ಮ?" ಎಂದೆ ನಾನು. ನನಗೆ ಕೇಳದೆ ಇರಲು ಬರುವುದಿಲ್ಲ.

ಅವಳು ಕೈಯಲ್ಲಿದ್ದ ಎಳೆಗೆ ಎರಡು ಮೊಗ್ಗು ಸೇರಿಸಿ ಗಂಟು ಬಿಗಿದಳು. "ಒಂದಿನ ನಂಗೂ ಅವ್ನ ಪಕ್ಕ ಜಾಗ ಬ್ಯಾಡ್ವಾ? ಅವತ್ತು ಬರ್ಸಿ, ಅವತ್ತು ಆರ ಆಕಿ. ಅಲ್ಲೀಗಂಟ ನಾನಿಲ್ಲಿಂದ ಏಳಾಕಿಲ್ಲ."

ಸೀರೆ ಮಣ್ಣಾದರೆ ಆಗಲಿ ಎಂದು ಅವಳ ಗೋಣಿಚೀಲದ ಅಂಚಿನಲ್ಲಿ ಕೂತುಬಿಟ್ಟೆ.

"ಏಳಬೇಡ ಮುನಿಕೆಂಪಮ್ಮ" ಅಂದೆ. "ನೂರು ವರ್ಷ ಏಳಬೇಡ."